ಹೊತ್ತು ತರಬಲ್ಲ ದೋಣಿ

ನಂಜನಗೂಡಿಗೆ ಹೋಗುವವರು ಸಾಮಾನ್ಯವಾಗಿ ನಂಜುಂಡೇಶ್ವರನ ದರ್ಶನಕ್ಕೆ ಹೋಗುತ್ತಾರೆ. ತಿರುಮಕೂಡಲು ನರಸೀಪುರಕ್ಕೆ ಹೋಗುವವರು ಸಂಗಮಸ್ನಾನಕ್ಕೆ ಹೋಗುತ್ತಾರೆ. ಕಳೆದ ಮಾಘ ಮಾಸದಲ್ಲಿ ನಾನು ಈ ಎರಡು ಕ್ಷೇತ್ರಗಳನ್ನೂ ನೋಡಿಕೊಂಡು ಬಂದೆನಾದರೂ, ನನ್ನನ್ನು ಅಲ್ಲಿಗೆ ಎಳೆದೊಯ್ದ ಕಾರ್ಯವು ಬೇರೆಯದಾಗಿದ್ದಿತು. ಅದನ್ನು ಕೇಳಿದರೆ ವಾಚಕರು ನಕ್ಕಾರು. ನಾನು ಹೋದುದು ಒಂದು ದೋಣಿಯನ್ನು ಆರಿಸುವುದಕ್ಕಾಗಿ.

ನನ್ನ ಅಕ್ಕನ ಮನೆ ಈ ಎರಡು ಊರುಗಳ ನಡುವೆ, ಕಪಿಲೆಯ ದಡದ ಒಂದು ಹಳ್ಳಿಯಲ್ಲಿದೆ. ಮನೆಯು ಈಚೆಯ ದಡದಲ್ಲಿ. ಭಾವನವರ ತಂದೆಯ ಕಾಲದಿಂದ ಬಂದ ಬಾಳೆಯ ತೋಟವು ಆಚೆಯ ದಡದಲ್ಲಿ. ಮನೆಯ ಜಗುಲಿಯ ಮೇಲೆ ನಿಂತರೆ ತೋಟದ ಬಾಳೆಲೆಗಳು ಗಾಳಿಗೆ ಅಲುಗುವುದು ಕಾಣುತ್ತದೆ. ಆದರೆ ಸೇತುವೆಯನ್ನು ಸುತ್ತಿಕೊಂಡು ಅಲ್ಲಿಗೆ ಹೋಗಬೇಕಾದರೆ ಒಂದು ಹೊತ್ತು ಕಳೆದುಹೋಗುತ್ತದೆ. ಆದುದರಿಂದ ಆ ಮನೆಯಲ್ಲಿ ದೋಣಿಯೆಂಬುದು ವಿನೋದದ ವಸ್ತುವಲ್ಲ; ನೇಗಿಲು, ಮಂಕರಿಗಳಂತೆ ಅದೂ ಬೇಸಾಯದ ಒಂದು ಉಪಕರಣವೇ.

ಮೊದಲು ಅವರಲ್ಲಿ ಒಂದು ಹಲಗೆಯ ದೋಣಿಯಿದ್ದಿತು. ಹತ್ತು ಗೊನೆ ಬಾಳೆಯನ್ನೂ ನಾಲ್ಕು ಆಳುಗಳನ್ನೂ ಒಮ್ಮೆಗೇ ದಾಟಿಸುವಷ್ಟು ದೊಡ್ಡದು. ಭಾವನವರಿಗೆ ಅದರ ಮೇಲೆ ಅಭಿಮಾನವೂ ದೊಡ್ಡದಾಗಿಯೇ ಇದ್ದಿತು. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ವಯನಾಡಿನ ಬೆಟ್ಟಗಳ ಮೇಲೆ ಮಳೆಯು ಎಡೆಬಿಡದೆ ಸುರಿದು, ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೊಳೆಗೆ ಬಹಳ ನೀರನ್ನು ಬಿಡಬೇಕಾಯಿತು. ನಂಜನಗೂಡಿನ ಬಳಿ ಊಟಿಯ ಹೆದ್ದಾರಿಯ ಮೇಲೆಯೇ ಹೊಳೆ ಹರಿದ ದಿನಗಳು ಅವು. ನಡುರಾತ್ರಿಯಲ್ಲಿ ನೀರು ಏರುವ ಸದ್ದನ್ನು ಕೇಳಿ ಭಾವನವರು ಕಂದೀಲನ್ನು ಹಿಡಿದು ದೋಣಿಯನ್ನು ಉಳಿಸಲೆಂದು ಒಬ್ಬರೇ ಹೊರಟರು. ನಾಲ್ವರು ಎಳೆದರೆ ಮಾತ್ರ ದಡವನ್ನೇರುವ ದೋಣಿ. ಇವರೊಬ್ಬರೇ ಎಷ್ಟು ಎಳೆದಾರು? ಕಾಲು ಜಾರಿತು. ಹೊಂಗೆಯ ಮರದ ಬೇರೊಂದು ಕೈಗೆ ಸಿಕ್ಕದೆ ಇದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ದೋಣಿಯು ಹಗ್ಗವನ್ನು ಕಿತ್ತುಕೊಂಡು ಸಂಗಮದ ಕಡೆಗೆ ಹೋಯಿತು. ಭಾವನವರು ಮೈಯೆಲ್ಲ ಕೆಸರಾಗಿ ಮನೆಗೆ ಬಂದರು.

ಅಂದಿನಿಂದ ಅಕ್ಕನು ಆ ಮನೆಯಲ್ಲಿ ದೋಣಿಯ ಮಾತೆತ್ತಗೊಡಲಿಲ್ಲ. ಸೇತುವೆಯ ದಾರಿಯಿಂದ ತೋಟಕ್ಕೆ ಹೋಗುವುದು ವಾರಕ್ಕೆ ಎರಡು ದಿನವಾಯಿತು, ಆಮೇಲೆ ಒಂದು ದಿನವಾಯಿತು. ಕಳೆದ ಕಾರ್ತಿಕದಲ್ಲಿ ತೋಟವನ್ನು ಕೊಳ್ಳುವವರೂ ಬಂದರು. ಭಾವನವರು ಹೂಂ ಎನ್ನುವುದರಲ್ಲಿದ್ದರು. ಆಗ ಅಕ್ಕನೇ ನನಗೆ ದೂರವಾಣಿಯಲ್ಲಿ ಹೇಳಿದಳು: “ತೋಟ ಹೋದರೆ ಇವರು ಉಳಿಯುವುದಿಲ್ಲ. ದೋಣಿ ಬಂದರೆ ನನಗೆ ನಿದ್ದೆಯಿಲ್ಲ. ನೀನು ಬಂದು ಇಬ್ಬರಿಗೂ ಒಪ್ಪುವ ಒಂದು ದೋಣಿಯನ್ನು ಹುಡುಕಿಕೊಡು. ಒಂದೇ ಮಾತು: ಅದನ್ನು ನಾನೊಬ್ಬಳೇ ದಡಕ್ಕೆ ತರುವ ಹಾಗಿರಬೇಕು.”

ಅಕ್ಕನಿಗೆ ಅರುವತ್ತನಾಲ್ಕು ವರ್ಷ. ಈ ನಿಬಂಧನೆಯನ್ನು ಕೇಳಿ ಭಾವನವರು ನಕ್ಕುಬಿಟ್ಟರು. ನನಗೂ ಆಗ ಅದರ ಅರ್ಥವು ಪೂರ್ತಿಯಾಗಿ ತಿಳಿಯಲಿಲ್ಲ.

ಮೊದಲನೆಯ ದಿನ ನಾವಿಬ್ಬರೂ ನಂಜನಗೂಡಿನಲ್ಲಿ ಕೂಡಿಕೊಂಡೆವು. ಮೈಸೂರಿನಿಂದ ೨೩ ಕಿಲೋಮೀಟರು ದೂರದಲ್ಲಿರುವ ಈ ಊರನ್ನು ವಾಚಕರಲ್ಲಿ ಅನೇಕರು ನೋಡಿಯೇ ಇರುವರು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರಾದ ದೇವಾಜಮ್ಮಣ್ಣಿಯವರು ೧೮೪೫ರಲ್ಲಿ ಕಟ್ಟಿಸಿದ ಏಳಂತಸ್ತಿನ ಗೋಪುರವು ದೂರದಿಂದಲೇ ಯಾತ್ರಿಕರನ್ನು ಕರೆಯುತ್ತದೆ. ನಾವು ಸ್ನಾನಘಟ್ಟಕ್ಕೆ ಇಳಿದೆವು. ಮಾಘದ ಕಪಿಲೆಯು ಬಡಕಲಾಗಿ, ತಿಳಿಯಾಗಿ, ಕಲ್ಲುಗಳ ನಡುವೆ ಮೆಲ್ಲಗೆ ಸರಿಯುತ್ತಿದ್ದಿತು. ಹದಿನಾರು ಕಾಲಿನ ಮಂಟಪದಲ್ಲಿ ಕೆಲವರು ಬಟ್ಟೆಯನ್ನು ಒಣಹಾಕಿದ್ದರು. ಪ್ರವಾಹ ಬಂದಾಗ ಈ ಮಂಟಪವೇ ನೀರಿನಲ್ಲಿ ಮುಳುಗುತ್ತದೆಯೆಂದರೆ ಹೊಸಬರು ನಂಬಲಾರರು.

ಅಲ್ಲಿಂದ ಹಳೆಯ ಸೇತುವೆಯ ಬಳಿಗೆ ಹೋದೆವು. ೧೭೩೫ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯಿದು. ಕಾಲ್ನಡೆಯವರನ್ನೂ, ಎತ್ತಿನ ಬಂಡಿಗಳನ್ನೂ, ಮೋಟಾರುಗಳನ್ನೂ, ಕಡೆಗೆ ರೈಲನ್ನೂ ಹೊತ್ತು, ಈಗ ಹೊಸ ಸೇತುವೆಗಳಿಗೆ ತನ್ನ ಭಾರವನ್ನು ಒಪ್ಪಿಸಿ ವಿಶ್ರಾಂತಿಯಲ್ಲಿದೆ. ಅದರ ಗಿಡ್ಡನೆಯ ಕಮಾನುಗಳನ್ನು ನೋಡುತ್ತ ಭಾವನವರು, “ಭಾರವಾಗಿರುವುದೇ ಉಳಿಯುವುದು ಕಣಯ್ಯಾ, ನೋಡು,” ಎಂದರು. ಹಲಗೆಯ ದೋಣಿಯು ಅವರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಎಳೆದು ಮುಗಿದ ಬಳಿಕ ಇದೇ ಹೊಳೆಯಲ್ಲಿ ಸ್ವಾಮಿಗೆ ತೆಪ್ಪೋತ್ಸವ ನಡೆಯುತ್ತದೆ. “ದೇವರ ತೆಪ್ಪವಾದರೆ ಭಾರವಾಗಿರಲಿ, ಅದನ್ನು ಎಳೆಯುವುದಕ್ಕೆ ಊರಿಗೆ ಊರೇ ಇದೆ. ನಿಮ್ಮ ದೋಣಿಯನ್ನು ಎಳೆಯುವವರು ಯಾರು, ಭಾವ?” ಎಂದು ಕೇಳಿದೆ. ಅವರು ಉತ್ತರವನ್ನು ಕೊಡಲಿಲ್ಲ.

ಊರಾಚೆಯ ಒಂದು ಕಾರ್ಯಾಗಾರದಲ್ಲಿ ಫೈಬರಿನ ಹರಿಗೋಲನ್ನು ಮಾಡುತ್ತಾರೆಂದು ಕೇಳಿ ಅಲ್ಲಿಗೆ ಹೋದೆವು. ಬುಟ್ಟಿಯಂತೆಯೇ ದುಂಡಗಿನ ಆಕಾರ, ನೀಲಿಯ ಬಣ್ಣ, ಒಳಗೆ ಕೂರಲು ಒಂದು ಹಲಗೆ. ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ವರ್ಷವರ್ಷವೂ ಡಾಂಬರನ್ನು ಬಳಿಯಬೇಕಾಗಿಲ್ಲ. ಭಾವನವರಿಗೆ ಕೂಡಲೇ ಹಿಡಿಸಿತು. ನಾನು ಅದನ್ನು ತಕ್ಕಡಿಯ ಮೇಲಿಡಬೇಕೆಂದು ಹೇಳಿದೆ. ಐವತ್ತೆರಡು ಕಿಲೋ ತೂಗಿತು. ನಾವಿಬ್ಬರೂ ಸೇರಿ ಎತ್ತಿ ಇಪ್ಪತ್ತು ಹೆಜ್ಜೆ ನಡೆದೆವು. ಇಪ್ಪತ್ತೊಂದನೆಯ ಹೆಜ್ಜೆಗೆ ಭಾವನವರ ಮಂಡಿಯು ಮಾತನಾಡಿತು. ಕಲ್ಲು ತಾಗಿ ಸೀಳಿದರೆ ಮತ್ತೆ ಈ ಕಾರ್ಯಾಗಾರಕ್ಕೇ ತರಬೇಕೆಂಬುದೂ ತಿಳಿಯಿತು.

ಇನ್ನೊಬ್ಬ ಪರಿಚಿತರು ತಮ್ಮಲ್ಲಿದ್ದ ಗಾಳಿ ತುಂಬುವ ರಬ್ಬರಿನ ದೋಣಿಯನ್ನು ತೋರಿಸಿದರು. ಮಡಿಸಿದರೆ ಒಂದು ಹಾಸಿಗೆಯ ಸುರುಳಿಯಷ್ಟು. ಎತ್ತುವುದಕ್ಕೆ ಹುಡುಗನೂ ಸಾಕು. ಇದೇ ಸರಿಯೆಂದು ನಾನು ಹಿಗ್ಗಿದೆನು. ಆದರೆ ಭಾವನವರು ನಮ್ಮ ದಡದ ಜಾಲಿಯ ಮುಳ್ಳುಗಳನ್ನು ನೆನಪಿಗೆ ತಂದರು. ಮುಳ್ಳು ಚುಚ್ಚಿದ ಸೈಕಲ್ಲು ರಸ್ತೆಯಲ್ಲಿ ನಿಲ್ಲುತ್ತದೆ. ಮುಳ್ಳು ಚುಚ್ಚಿದ ದೋಣಿಯು ನಡುಹೊಳೆಯಲ್ಲಿ ನಿಂತರೆ? ನಾನು ಸುಮ್ಮನಾದೆ. ಹಗುರವೆಂಬುದೊಂದೇ ಗುಣ ಸಾಲದೆಂದು ಅಲ್ಲಿ ತಿಳಿಯಿತು.

ಆ ರಾತ್ರಿ ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಇಂಗ್ಲೆಂಡಿನಲ್ಲಿರುವ ಅವಳ ಮಗನ ಪತ್ರವನ್ನು ಓದಿದೆವು. ಅವನು ಅಲ್ಲಿ ಇಬ್ಬರು ಗೆಳೆಯರೊಡನೆ ಕೂಡಿ ಒಂದು ಚಿಕ್ಕ ಹಾಯಿದೋಣಿಯನ್ನು ಇಟ್ಟುಕೊಂಡಿದ್ದಾನೆ. ಹಾಯಿದೋಣಿಗೆ ಆಳವಾದ ನೀರು ಬೇಕಾದುದರಿಂದ ಅದು ದಡದಿಂದ ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ದಡಕ್ಕೆ ಬರುವುದಕ್ಕೆ ಒಂದು ಮರಿದೋಣಿ ಬೇಕು. ಅದನ್ನು ಅವರು ಟೆಂಡರ್ ಎನ್ನುತ್ತಾರೆ. ನಮ್ಮ ತೊಡಕನ್ನು ಕೇಳಿ ಅವನು ಬರೆದಿದ್ದನು: “ಮಾವ, ಇಲ್ಲಿಯೂ ಇದೇ ತಕರಾರು. ಭಾರವಾದ ಮರಿದೋಣಿಯನ್ನು ಹಿಂದೆ ಕಟ್ಟಿ ಎಳೆದರೆ ಹಾಯಿದೋಣಿಯ ವೇಗ ಕುಗ್ಗುತ್ತದೆ. ಅಲೆ ಎದ್ದಾಗ ಅದರಲ್ಲಿ ನೀರು ತುಂಬಿ ಹಗ್ಗ ಹರಿಯುತ್ತದೆ. ಅದನ್ನು ಮೇಲಕ್ಕೆ ಎತ್ತಿಟ್ಟುಕೊಳ್ಳಬೇಕು. ಎತ್ತುವವರು ನಾವೇ. ಆದ್ದರಿಂದ ಕೊಳ್ಳುವಾಗ ಎಷ್ಟು ಜನ ಕೂರಬಹುದೆಂದು ಮೊದಲು ಕೇಳಬಾರದು. ಯಾರು ಎತ್ತುತ್ತಾರೆಂದು ಮೊದಲು ಕೇಳಬೇಕು.” ಅಕ್ಕನು ಏನೂ ಹೇಳದೆ ಎಲೆಯಡಿಕೆಯ ತಟ್ಟೆಯನ್ನು ನಮ್ಮ ಮುಂದಿಟ್ಟು ಒಳಗೆ ಹೋದಳು, ಆದರೆ ಅವಳ ಮುಖದಲ್ಲಿ ಗೆದ್ದವರ ಕಳೆಯಿದ್ದಿತು.

ಮರುದಿನ ಹುಣ್ಣಿಮೆ. ಅಕ್ಕನೂ ಸಂಗಮಸ್ನಾನಕ್ಕೆಂದು ನಮ್ಮೊಡನೆ ತಿರುಮಕೂಡಲಿಗೆ ಹೊರಟಳು. ವಯನಾಡಿನಲ್ಲಿ ಹುಟ್ಟಿ, ನಂಜನಗೂಡಿನ ಬಳಿ ಗುಂಡ್ಲುಹೊಳೆಯನ್ನು ಕೂಡಿಸಿಕೊಂಡು, ಸುತ್ತೂರಿನ ಮಗ್ಗುಲಲ್ಲಿ ಹಾದು ಬರುವ ಕಪಿಲೆಯು ಇಲ್ಲಿ ಕಾವೇರಿಯನ್ನು ಸೇರಿ ತನ್ನ ಹೆಸರನ್ನು ಬಿಟ್ಟುಕೊಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಹಿರಿಯರು ಇದನ್ನು ತ್ರಿವೇಣಿಯೆಂದರು. ೧೯೮೯ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳವನ್ನು ನಡೆಸುವ ಪದ್ಧತಿಯಾಗಿದೆ. ೨೦೨೫ರ ಫೆಬ್ರವರಿಯಲ್ಲಿಯೂ ನಡೆಯಿತು. ನಾವು ಹೋದಾಗ ಅಂತಹ ಸಂದಣಿಯಿರಲಿಲ್ಲ. ಎರಡು ನದಿಗಳ ನೀರು ಒಂದರ ಪಕ್ಕದಲ್ಲೊಂದು ಸ್ವಲ್ಪ ದೂರ ನಡೆದು, ಆಮೇಲೆ ಬೆರೆತುಹೋಗುವುದನ್ನು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ನೋಡಿದೆವು.

ಸಂಗಮದಿಂದ ತುಸು ದೂರದಲ್ಲಿ, ಮೀನು ಹಿಡಿಯುವವರ ಮನೆಗಳ ಬಳಿ, ಒಬ್ಬ ಮುದುಕರು ಬಿದಿರಿನ ಹರಿಗೋಲನ್ನು ಕಟ್ಟುತ್ತಿದ್ದರು. ಈ ಕಡೆಯ ಜನ ಇದನ್ನು ತೆಪ್ಪವೆಂದೂ ಕರೆಯುತ್ತಾರೆ. ಬಿದಿರನ್ನು ಸೀಳಿ, ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡಲಾಗಿ ಹರಡಿ, ನಡುವಿನಿಂದ ಹೆಣೆಯುತ್ತ ಬರುತ್ತಾರೆ. ತಳವು ಮುಗಿದ ಮೇಲೆ ಸೀಳುಗಳ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಬುಟ್ಟಿಯ ಆಕಾರಕ್ಕೆ ತರುತ್ತಾರೆ. ಅಂಚಿಗೆ ದಪ್ಪನಾದ ಬಿದಿರಿನ ಕಟ್ಟು. ಇಡೀ ದೋಣಿಯ ಬಿಗಿಯೆಲ್ಲ ಆ ಕಟ್ಟಿನಲ್ಲಿದೆ. ಹೊರಗಡೆಗೆ ಹಿಂದಿನ ಕಾಲದಲ್ಲಿ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಚೀಲವನ್ನೋ ಟಾರ್ಪಾಲನ್ನೋ ಹೊದಿಸಿ ಡಾಂಬರನ್ನು ಬಳಿಯುತ್ತಾರೆ.

ಈ ವಿದ್ಯೆಯು ಬಹಳ ಹಳೆಯದು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಹೋಗುತ್ತವೆ. ಅವನಿಗೂ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರ ಹೆರೊಡೋಟಸನು ಬ್ಯಾಬಿಲೋನಿನ ಕಡೆಯ ದುಂಡು ದೋಣಿಗಳ ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ವರ್ತಕರು ಸರಕಿನೊಡನೆ ಒಂದು ಕತ್ತೆಯನ್ನೂ ದೋಣಿಯಲ್ಲಿ ಕೂಡಿಸಿಕೊಂಡು ಹೊಳೆಯ ಜೊತೆಗೆ ಇಳಿದುಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ದೋಣಿಯನ್ನು ಬಿಚ್ಚಿ, ಕಡ್ಡಿಗಳನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಹಿಂದಿರುಗುತ್ತಿದ್ದರು. ಏಕೆಂದರೆ ಆ ಹೊಳೆಯ ಸೆಳವಿಗೆ ಎದುರಾಗಿ ದೋಣಿಯನ್ನು ನಡೆಸುವುದು ಸಾಧ್ಯವಿರಲಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಬೆಸ್ತರು ತಮ್ಮ ಪುಟ್ಟ ಹರಿಗೋಲನ್ನು ಪಟ್ಟಿಯಿಂದ ಬೆನ್ನಿಗೆ ತೂಗುಹಾಕಿಕೊಂಡು ಹೊಳೆಗೆ ನಡೆಯುತ್ತಿದ್ದರು. ದೇಶ ಯಾವುದಾದರೇನು, ನಮ್ಮನ್ನು ಹೊರುವ ದೋಣಿಯನ್ನು ನಾವೂ ಸ್ವಲ್ಪ ದೂರ ಹೊರಬೇಕೆಂಬ ಒಪ್ಪಂದವು ಎಲ್ಲ ಹೊಳೆಗಳಲ್ಲಿಯೂ ಒಂದೇ.

ಸಿದ್ಧವಾಗಿದ್ದ ಮೂರು ಹರಿಗೋಲುಗಳಲ್ಲಿ ಭಾವನವರು ಎಲ್ಲಕ್ಕಿಂತ ದೊಡ್ಡದನ್ನು ತಟ್ಟಿ ನೋಡುತ್ತಿದ್ದರು. ಮುದುಕರು ಕೆಲಸವನ್ನು ಬಿಟ್ಟು ಎದ್ದು ಬಂದು ಹೇಳಿದರು: “ನೀರ ಮೇಲೆ ಎಲ್ಲಾ ತೇಲ್ತವೆ ಸ್ವಾಮಿ. ದಡದ ಮೇಲೆ ಎತ್ತಿ ನೋಡಿ ತಗೊಳ್ಳಿ.”

ನಾವು ನಡುವಣದನ್ನು ತೂಗಿಸಿದೆವು. ಅಂಚಿನಿಂದ ಅಂಚಿಗೆ ಆರಡಿ, ತಳದಲ್ಲಿ ಸುಮಾರು ಐದಡಿ. ತೂಕ ಇಪ್ಪತ್ತನಾಲ್ಕು ಕಿಲೋ. ಬೆಲೆಯು ಫೈಬರಿನದರ ಮೂರರಲ್ಲಿ ಒಂದು ಪಾಲು. ಇಷ್ಟು ಹಗುರವಾದುದು ನಮ್ಮನ್ನು ಹೊತ್ತೀತೆ ಎಂದು ಸಂಶಯಪಡುವವರಿಗೆ ಒಂದು ಚಿಕ್ಕ ಲೆಕ್ಕವನ್ನು ಹೇಳುತ್ತೇನೆ. ಐದಡಿ ಅಗಲದ ದುಂಡನೆಯ ತಳವು ನೀರಿನಲ್ಲಿ ಒಂದಂಗುಲ ಇಳಿದರೆ ಸುಮಾರು ೪೫ ಕಿಲೋ ನೀರನ್ನು ಸರಿಸುತ್ತದೆ. ಅಷ್ಟು ಭಾರವನ್ನು ಹೊಳೆಯೇ ಹೊರುತ್ತದೆ. ಇಬ್ಬರು ಮನುಷ್ಯರೂ ಎರಡು ಗೊನೆಯೂ ಸೇರಿದರೆ ನಾಲ್ಕಂಗುಲ ಇಳಿಯಬಹುದು. ಅಂಚು ಅದಕ್ಕಿಂತ ಬಹಳ ಮೇಲಿರುತ್ತದೆ. ಹೊರುವ ಶಕ್ತಿಯಿರುವುದು ದೋಣಿಯ ತೂಕದಲ್ಲಲ್ಲ, ಅದರ ಹರವಿನಲ್ಲಿ.

ಆದರೆ ಹಗುರವಾದ ದೋಣಿಗೆ ಹಗುರವಾದ ಬುದ್ಧಿಯೂ ಉಂಟೆಂಬುದನ್ನು ಮುಚ್ಚಿಡಬಾರದು. ಗಾಳಿ ಬೀಸಿದರೆ ಬೀಸಿದ ಕಡೆಗೆ ತೇಲುತ್ತದೆ. ತಳದಲ್ಲಿ ಏಣು ಇಲ್ಲದುದರಿಂದ ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಮುಂದಕ್ಕೆ ಬಾಗಿ, ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದನ್ನು ಕಲಿಯಬೇಕು. ಒಳಗೆ ಎದ್ದು ನಿಲ್ಲಬಾರದು. ಎಲ್ಲರೂ ಒಂದೇ ಕಡೆಗೆ ವಾಲಬಾರದು. ಸೆಳವು ಇರುವಾಗ ಸೇರಬೇಕಾದ ಜಾಗಕ್ಕಿಂತ ಮೇಲುಗಡೆಯಿಂದ ಹೊರಡಬೇಕು. ಜಲಾಶಯದಿಂದ ನೀರು ಬಿಡುವ ಸೂಚನೆ ಬಂದ ದಿನ ದೋಣಿಯನ್ನು ಇಳಿಸಲೇಬಾರದು. ಈಜು ಬರುವವರಾದರೂ ಲೈಫ್ ಜಾಕೆಟ್ಟನ್ನು ತೊಡಬೇಕು. ಅಕ್ಕನು ಎರಡನ್ನು ಆಗಲೇ ಮೈಸೂರಿನಿಂದ ತರಿಸಿಟ್ಟಿದ್ದಳು. ವರ್ಷಕ್ಕೊಮ್ಮೆ ಡಾಂಬರು, ಬಳಸದ ದಿನಗಳಲ್ಲಿ ನೆರಳಿನಲ್ಲಿ ಕವುಚಿ ಇಡುವುದು, ಇಷ್ಟು ಉಪಚಾರವೂ ಬೇಕು. ಸೀಳು ಮುರಿದರೆ ಮನೆಯಲ್ಲಿಯೇ ಇನ್ನೊಂದನ್ನು ಹೆಣೆಯಬಹುದು.

ಇನ್ನು ಪರೀಕ್ಷೆ ಉಳಿದಿದ್ದಿತು. ಅಕ್ಕನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ತಲೆಯ ಮೇಲೆ ಹೊರುವುದು ಅವಳಿಂದ ಆಗದೆಂದು ನಾನು ಬಲ್ಲೆ; ಭಾವನವರು ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟರು. “ನೀವು ದೂರ ನಿಲ್ಲಿ,” ಎಂದಳು ಅಕ್ಕ. ಹರಿಗೋಲಿನ ಒಂದು ಅಂಚನ್ನು ಎರಡೂ ಕೈಗಳಿಂದ ಹಿಡಿದು ಎತ್ತಿದಳು. ಅದು ಮಗ್ಗುಲಾಗಿ ನಿಂತಿತು. ನಿಂತ ಮೇಲೆ ಅದು ದೋಣಿಯಾಗಿರಲಿಲ್ಲ; ಗಾಡಿಯ ಗಾಲಿಯಾಗಿದ್ದಿತು! ಅಕ್ಕನು ಅದರ ಪಕ್ಕದಲ್ಲಿ ನಡೆಯುತ್ತ, ಒಂದು ಕೈಯಿಂದ ಆನಿಸಿಕೊಂಡು ಇನ್ನೊಂದರಿಂದ ನೂಕುತ್ತ, ದಡದ ಏರನ್ನು ಹತ್ತಿಸಿ, ಮುದುಕರ ಗುಡಿಸಿಲನ್ನು ಒಂದು ಸುತ್ತು ಹಾಕಿಸಿ, ಮತ್ತೆ ನಮ್ಮ ಮುಂದೆ ತಂದು ಮಲಗಿಸಿದಳು. ಮುದುಕರು ಬಾಯ್ತುಂಬ ನಕ್ಕರು. “ತಾಯಿ ಗೆದ್ರು ಸ್ವಾಮಿ,” ಎಂದರು.

ಭಾವನವರು ಮಾತನಾಡದೆ ಹಣವನ್ನು ಎಣಿಸಿದರು. ಬಾಡಿಗೆಯ ಗಾಡಿಯು ಬರುವವರೆಗೆ ನಾವು ಗುಂಜಾ ನರಸಿಂಹಸ್ವಾಮಿಯ ಗುಡಿಗೆ ಹೋಗಿಬಂದೆವು. ಕಾಶಿಯನ್ನೂ ಈ ಕ್ಷೇತ್ರವನ್ನೂ ತಕ್ಕಡಿಯಲ್ಲಿಟ್ಟು ತೂಗಿದಾಗ ಇದು ಒಂದು ಗುಲಗಂಜಿಯಷ್ಟು ಹೆಚ್ಚಿಗೆ ತೂಗಿತೆಂದು ಇಲ್ಲಿಯವರ ನಂಬಿಕೆ. ಸ್ವಾಮಿಗೆ ಗುಂಜೆಯ ಹೆಸರು ಬಂದುದೂ ಅದರಿಂದಲೇ. ಆ ಕಥೆಯನ್ನು ಕೇಳಿ ಭಾವನವರು ಮೆಲ್ಲನೆ ಹೇಳಿದರು: “ನನ್ನ ಹಳೆಯ ದೋಣಿಯನ್ನೂ ನನ್ನ ಪ್ರಾಣವನ್ನೂ ಆ ರಾತ್ರಿ ತಕ್ಕಡಿಯಲ್ಲಿಟ್ಟಿದ್ದೆ. ಯಾವುದು ಒಂದು ಗುಲಗಂಜಿ ಹೆಚ್ಚೆಂದು ನನಗೆ ತಿಳಿಯಲಿಲ್ಲ, ನಿಮ್ಮಕ್ಕನಿಗೆ ತಿಳಿದಿತ್ತು.”

ಆಗ ನನಗೆ ಅಕ್ಕನ ನಿಬಂಧನೆಯ ಅರ್ಥವು ಪೂರ್ತಿಯಾಗಿ ಹೊಳೆಯಿತು. ಅವಳು ಕೇಳಿದುದು ತನ್ನ ಕೈಗೆ ಹಗುರವಾದ ದೋಣಿಯನ್ನಲ್ಲ. ಯಾರೂ ಪ್ರಾಣವನ್ನು ಒತ್ತೆಯಿಡಬೇಕಾಗದ ದೋಣಿಯನ್ನು. ಎತ್ತಿ ತರಲಾಗದ ವಸ್ತುವನ್ನು ಉಳಿಸುವುದಕ್ಕೆ ಮನುಷ್ಯನು ಕತ್ತಲೆಯಲ್ಲಿ ಹೊಳೆಗೆ ಇಳಿಯುತ್ತಾನೆ. ಎತ್ತಿ ತರಬಲ್ಲುದನ್ನು ಸಂಜೆಯೇ ಮನೆಗೆ ತಂದು ನಿದ್ರಿಸುತ್ತಾನೆ.

ಈ ಶ್ರಾವಣದಲ್ಲಿ ಹೊಳೆಯು ಮತ್ತೆ ಏರಿತು. ನಾನು ಗಾಬರಿಯಿಂದ ದೂರವಾಣಿಯಲ್ಲಿ ವಿಚಾರಿಸಿದೆ. “ದೋಣಿ ಎಲ್ಲಿದೆ, ಅಕ್ಕ?” ಎಂದೆ.

“ನೀರು ಬಿಡುತ್ತಾರೆಂದು ಡಂಗುರ ಹೊಡೆದ ಸಂಜೆಯೇ ಉರುಳಿಸಿಕೊಂಡು ಬಂದೆ. ಕೊಟ್ಟಿಗೆಯ ಗೋಡೆಗೆ ಒರಗಿಸಿದೆ, ಹಸು ಅದನ್ನು ಮೂಸುತ್ತಿದೆ,” ಎಂದಳು.

“ಭಾವನವರು?”

“ಗೊರಕೆ ಹೊಡೆಯುತ್ತಿದ್ದಾರೆ. ನಿನಗೂ ಕೇಳಿಸೀತು, ತಾಳು,” ಎಂದು ಅಕ್ಕನು ದೂರವಾಣಿಯನ್ನು ಒಳಗೆ ತೆಗೆದುಕೊಂಡು ಹೋದಳು.